ಸಾಲು ತಪ್ಪಿದ ಮಾವನ ಮಾತು

೪ ಮಾರ್ಚ್, ಮಂಗಳವಾರ. ಬೆಳಿಗ್ಗೆ

ಹಲ್ಲುಜ್ಜುವ ಮೊದಲೇ ಪ್ರೋಗ್ರಾಮಿನ ಇನ್ನೊಂದು ಬಿಲ್ಡ್ ಓಡಿಸಿದೆ. ನನ್ನ ಮ್ಯಾಕ್ ಕಂಪ್ಯೂಟರ್‌ನಲ್ಲಿ ಎಲ್ಲ ಸರಿ. ಮಾವನ ಕಂಚಿನ ಧ್ವನಿ: "ಪ್ರಯಾಣಿಕರ ಗಮನಕ್ಕೆ. ಬಸ್ಸು ಮೂರನೇ ಪ್ಲಾಟ್‌ಫಾರ್ಮ್‌ನಿಂದ ಹೊರಡಲಿದೆ."

ಗಂಟಲಿನ ಆಪರೇಷನ್ ಆದಮೇಲೆ ಅವರಿಗೆ ಮಾತಿಲ್ಲ. ಬಸ್ ನಿಲ್ದಾಣದಲ್ಲಿ ಅನೌನ್ಸರ್ ಆಗಿದ್ದವರು! ಹಳೆಯ ರೆಕಾರ್ಡಿಂಗ್‌ಗಳನ್ನು ಪದಪದವಾಗಿ ಕತ್ತರಿಸಿದ್ದೇನೆ. ಅವರು ಪದ ಆರಿಸಿದರೆ ಅದರ ಫೈಲಿಗೆ ಸಾಲಿನ ನಂಬರು ಬೀಳುತ್ತದೆ. 'ಮೇಕ್' ಎಂಬ ಪ್ರೋಗ್ರಾಮ್ ಅವನ್ನು ವಾಕ್ಯವಾಗಿ ಪೋಣಿಸುತ್ತದೆ.

ಸೋಮವಾರ ನಾದಿನಿ ಡ್ರೈವರ್ ಆಗಿ ಮೊದಲ ಬಸ್ ಓಡಿಸುತ್ತಾಳೆ. ಮಗಳ ಬಸ್ಸನ್ನು ತಾನೇ ಕೂಗಬೇಕೆಂದು ಮಾವನ ಹಟ. ಅದೂ ತನ್ನ ಹಳೇ ಲಿನಕ್ಸ್ ಲ್ಯಾಪ್‌ಟಾಪ್ ಡಬ್ಬದಲ್ಲಿ. ಯಾವ ಪ್ಲಾಟ್‌ಫಾರ್ಮ್ ಎನ್ನುವುದು ಅಲ್ಲಿಗೆ ಹೋದಮೇಲೇ ಗೊತ್ತಾಗುವುದು. ಹಾಗಾಗಿ ಮೊದಲೇ ಸಿದ್ಧಮಾಡಿ ಒಯ್ಯುವಂತಿಲ್ಲ.

ಸಂಜೆ

ಡಬ್ಬ ಮರ್ಯಾದೆ ಕಳೆಯಿತು. "ಹೊರಡಲಿದೆ ಪ್ರಯಾಣಿಕರ ಮೂರನೇ ಗಮನಕ್ಕೆ ಬಸ್ಸು..." ಮಾವ ಸ್ಲೇಟಿನಲ್ಲಿ ಬರೆದರು: "ಕುಡಿದಾಗ್ಲೂ ನಾನು ಹೀಗೆ ಕೂಗಿಲ್ಲ ಕಣಮ್ಮಾ."

೭ ಮಾರ್ಚ್

ಆಜ್ಞೆಗಳನ್ನು ಓಡಿಸುವ ಶೆಲ್ ಬದಲಿಸಿದೆ. ಫೈಲುಗಳ ಹೆಸರು ಬದಲಿಸಿದೆ. ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷಿಯಲ್ಲಿ. ಭಯವಾಗುತ್ತಿದೆ... ಊರೆಲ್ಲ ಕೇಳುವಾಗ ಹೀಗಾದರೆ?

ಗಂಡ: "ಅಪ್ಪಂಗೆ ಹೊಸ ಲ್ಯಾಪ್‌ಟಾಪ್ ತಗೊಂಡ್ಬಿಡೋಣ."

ಸ್ಲೇಟು: "ಹೊಸ ಮಗನ್ನೇ ತಗೊಂಡ್ರೆ ಹೇಗೆ?"

೯ ಮಾರ್ಚ್, ಭಾನುವಾರ

ಸಿಕ್ಕಿತು! ಎರಡೂ ಕಡೆ 'ಮೇಕ್' ಇದೆ, ಗುಣ ಮಾತ್ರ ಬೇರೆ. ನನ್ನದು ಹೇಳದಿದ್ದರೂ ಫೈಲುಗಳನ್ನು ನಂಬರಿನ ಪ್ರಕಾರ ಸಾಲಾಗಿ ನಿಲ್ಲಿಸುತ್ತದೆ. ಮಾವನದು ಕೈಗೆ ಸಿಕ್ಕ ಕ್ರಮದಲ್ಲಿ ಎತ್ತಿಕೊಳ್ಳುತ್ತದೆ. 'ಸಾರ್ಟ್', ಅಂದರೆ ಕ್ರಮವಾಗಿ ಜೋಡಿಸು, ಎಂದು ಒಂದು ಪದ ಸೇರಿಸಿದೆ, ಅಷ್ಟೇ. ಬೆಟ್ಟ ಅಗೆದು ಇಲಿ ಹಿಡಿದೆ — ಆದರೆ ಎಷ್ಟು ಮುದ್ದಾದ ಇಲಿ!

೧೦ ಮಾರ್ಚ್, ಸೋಮವಾರ

ಈಗಿನ ಅನೌನ್ಸರ್ ತನ್ನ ಕುರ್ಚಿ ಬಿಟ್ಟುಕೊಟ್ಟಳು. ಐದನೇ ಪ್ಲಾಟ್‌ಫಾರ್ಮ್. ಮಾವ ಪದ ಆರಿಸಿದರು. ನಾನು ಕಣ್ಣು ಮುಚ್ಚಿಕೊಂಡೆ.

"ಪ್ರಯಾಣಿಕರ ಗಮನಕ್ಕೆ. ಬಸ್ಸು ಐದನೇ ಪ್ಲಾಟ್‌ಫಾರ್ಮ್‌ನಿಂದ ಹೊರಡಲಿದೆ."

ಒಂದು ಪದವೂ ಆಚೀಚೆ ಆಗಲಿಲ್ಲ. ನಾದಿನಿ ಬಸ್ ಸ್ಟಾರ್ಟ್ ಮಾಡಿದಳು. ಮಾವ ನನಗೆ ಕಾಣದ ಹಾಗೆ ಇನ್ನೇನೋ ಆರಿಸಿ ಎಂಟರ್ ಒತ್ತಿದರು. ನಿಲ್ದಾಣದಲ್ಲಿ ತಪ್ಪಿಸಿಕೊಂಡ ಮಕ್ಕಳಿಗೆ ಆ ಕಾಲದಲ್ಲಿ ಮೈಕಿನಲ್ಲಿ ಹೇಳುತ್ತಿದ್ದ ಮಾತು:

"ಪುಟ್ಟೀ, ಹೆದರಬೇಡ. ಅಪ್ಪ ಇಲ್ಲೇ ಇದ್ದಾರೆ."

ಎಂಜಿನ್ ನಿಂತಿತು. ನಾದಿನಿ ಕಿಟಕಿಯಿಂದ ತಲೆ ಹೊರಹಾಕಿ, ಕಣ್ಣೊರೆಸಿಕೊಳ್ಳುತ್ತಾ ಕೂಗಿದಳು: "ಅಪ್ಪಾ, ಮೊದಲನೇ ದಿನಾನೇ ಲೇಟ್ ಮಾಡಿಸ್ಬೇಡಿ!" ಪ್ರಯಾಣಿಕರೆಲ್ಲ ಚಪ್ಪಾಳೆ. ನಾನು ಅತ್ತದ್ದನ್ನು ಯಾರೂ ನೋಡಲಿಲ್ಲ.

ಸಂಜೆ

ಬರೆಯಲು ಬಿಡುತ್ತಿಲ್ಲ. ಹಾಲ್‌ನಿಂದ ಮತ್ತೆ ಮಾವನ ಧ್ವನಿ: "ಪ್ರಯಾಣಿಕರ ಗಮನಕ್ಕೆ. ಕಾಫಿ ತಡವಾಗಿದೆ."

'ಕಾಫಿ' ನಾನು ಕತ್ತರಿಸಿಯೇ ಇರಲಿಲ್ಲ. ಯಾವ ಹಳೇ ರೆಕಾರ್ಡಿಂಗ್‌ನಿಂದ ತಾವೇ ಹೆಕ್ಕಿದರೋ... ಇಗೋ, ಎರಡನೇ ಸಲ ಕೂಗಿಸುತ್ತಿದ್ದಾರೆ —