ಎರಡನೆಯ ಮುಂಜಿ

॥ ಶ್ರೀ ಬನಶಂಕರಿ ಪ್ರಸನ್ನ ॥

ಚೊಳಚಗುಡ್ಡ
18 ನವೆಂಬರ್ 2024

ಚಿರಂಜೀವಿ ಶಿರೀಷನಿಗೆ ನಿನ್ನ ಅವ್ವ ಮಾಡುವ ಆಶೀರ್ವಾದಗಳು. ನಾನಿಲ್ಲಿ ಕ್ಷೇಮ. ನಿನ್ನ ಕ್ಷೇಮವನ್ನು ನಾನು ಬೇರೆ ಕೇಳಬೇಕಾಗಿಲ್ಲ, ಬಳಗವೆಲ್ಲ ಕೇಳುತ್ತಿದೆ.

ನಿನ್ನ ಪತ್ರ ತಲುಪಿತು. ಫೋನಿನಲ್ಲಿ ಹೇಳಲು ನಾಚಿಕೆಯಾಯಿತೆಂದು ಬರೆದಿದ್ದೀ. ಅಷ್ಟಾದರೂ ನಾಚಿಕೆ ಉಳಿದಿದೆಯಲ್ಲ ಎಂದು ಸಮಾಧಾನವಾಯಿತು. ಮುಂದೊಗಲು ಬಿಗಿಯಾಗಿ ಹಿಂದೆ ಸರಿಯುತ್ತಿರಲಿಲ್ಲ, ಹೆಂಡತಿಯ ಹತ್ತಿರ ಹೋದರೆ ಸೀಳಿ ರಕ್ತ ಬರುತ್ತಿತ್ತು ಎಂದು ಹೆತ್ತ ತಾಯಿಗೆ ಅಚ್ಚುಕಟ್ಟಾಗಿ ವಿವರಿಸಿದ್ದೀ. ಸಾಲಿ ಮಾಸ್ತರನಲ್ಲವೇ. ಡಾಕ್ಟರು ಮೊದಲು ಮುಲಾಮು ಕೊಟ್ಟರಂತೆ. ಕೆಲವು ವಾರ ಹಚ್ಚಿ ಮೆಲ್ಲಗೆ ಸರಿಸುತ್ತ ಹೋದರೆ ಬಹಳ ಜನರಿಗೆ ಅಷ್ಟರಲ್ಲೇ ಸಡಿಲಾಗುತ್ತದಂತೆ. ನಿನಗೆ ಆಗಲಿಲ್ಲ. ತೊಗಲು ಉಳಿಸಿಕೊಂಡೇ ಸ್ವಲ್ಪ ಸೀಳಿ ಅಗಲ ಮಾಡುವುದೂ ಉಂಟಂತೆ, ಆದರೆ ನಿನ್ನದು ಬೆಳ್ಳಗೆ ಕಲೆಗಟ್ಟಿ ಗಟ್ಟಿಯಾಗಿದ್ದರಿಂದ ಪೂರ್ತಿ ತೆಗೆಯುವುದೇ ಒಳ್ಳೆಯದೆಂದರಂತೆ. ತೆಗೆಸಿಕೊಂಡೆ. ಸಹಿಸಿಕೊಂಡು ಸುಮ್ಮನಿರುವುದೂ ಒಂದು ದಾರಿ. ಅದನ್ನು ಯಾವ ಡಾಕ್ಟರೂ ಹೇಳುವುದಿಲ್ಲ.

ಬಳಗಕ್ಕೆ ಹೇಗೆ ಗೊತ್ತಾಯಿತು ಎಂದು ಕೇಳಿದ್ದೀ. ಆ ದಿನ ನಿನಗೆ ಫೋನು ಹಚ್ಚಿದೆ. ಎತ್ತಿಕೊಂಡವನು ನಿಮ್ಮ ಸಾಲಿಯ ರಾಜಮಹ್ಮದ ಮಾಸ್ತರ. ನೀನು ಆಪರೇಷನ್ ಕೋಣೆಯೊಳಗಿದ್ದೆ, ಶುಭದಾ ಔಷಧ ತರಲು ಹೋಗಿದ್ದಳು. ನನಗೆಲ್ಲ ಗೊತ್ತಿದೆಯೆಂದು ತಿಳಿದ ಆ ಬಡಪಾಯಿ, "ಅವ್ವಾರ, ಮುಂಜಿ ಛಂದ ಆತ್ರಿ. ಏನೂ ಕಾಳಜಿ ಮಾಡಬ್ಯಾಡ್ರಿ" ಎಂದು ಇಟ್ಟುಬಿಟ್ಟ. ನಮ್ಮ ಮನೆಯಲ್ಲಿ ಮುಂಜಿ ಎಂದರೆ ಏನು? ಜನಿವಾರ. ನಮ್ಮಲ್ಲಿ ಮುಂಜಿಯಾಗದೆ ಉಳಿದವನು ಇಳಕಲ್ಲಿನಲ್ಲಿರುವ ನಿನ್ನ ತಮ್ಮ ಕೇದಾರನ ಮಗನೊಬ್ಬನೇ. ನಿಮ್ಮ ಅಪ್ಪ ಹೋಗಿ ವರ್ಷ ತುಂಬಿಲ್ಲ, ಅಷ್ಟರೊಳಗೆ ನನ್ನನ್ನು ಬಿಟ್ಟು ಮೊಮ್ಮಗನ ಮುಂಜಿ ಮಾಡಿದರಲ್ಲ ಎಂದು ಮೈಯೆಲ್ಲ ಉರಿಯಿತು. ಹುನಗುಂದದ ನಿನ್ನ ಅತ್ತೆಗೆ, ಕೆರೂರಿನ ಮಾಮಾನಿಗೆ, ಒಬ್ಬರನ್ನೂ ಬಿಡದೆ ಫೋನು ಹಚ್ಚಿ ಕೇದಾರನ ಮಾನ ಕಳೆದೆ. ಅವನ ಹೆಂಡತಿ ಅತ್ತಳು.

ಅವರು ಆಣೆ ಮಾಡಿದ ಮೇಲೆ ರಾಜಮಹ್ಮದನನ್ನೇ ತಿರುಗಿ ಕೇಳಿದೆ, ಯಾರದಪ್ಪಾ ಮುಂಜಿ ಅಂತ. "ಶಿರೀಷ ಸರ್‌ದ್ರಿ ಅವ್ವಾರ. ನಮ್ಮೊಳಗ ಹುಡುಗರಿಗೆ ಸುನ್ನತಿ ಮಾಡ್ತೀವಲ್ರಿ, ಅದಕ್ಕೂ ಮುಂಜೀನ ಅಂತೀವ್ರಿ" ಎಂದ. ಹಾಗಂತ ಕೇದಾರನ ಮೇಲಿನ ಅಪವಾದ ಹಾಗೇ ಬಿಡಲಾಗುತ್ತದೆಯೇ? ಪಾಪ, ತಪ್ಪಿಲ್ಲದವನು. ಅಷ್ಟೂ ಮಂದಿಗೆ ಮತ್ತೆ ಫೋನು ಹಚ್ಚಿ, ಮುಂಜಿ ಯಾರಿಗೆ, ಎಲ್ಲಿ, ಎಂಥದು ಎಂದು ಬಿಡಿಸಿ ಹೇಳಿದೆ. ನಿನ್ನ ಅತ್ತೆಗೆ ಕಿವಿ ಮಂದ. ಆಕೆಗೆ ಕೂಗಿ ಹೇಳಬೇಕಾಯಿತು.

ಮದುವೆಯಾದಾಗಿನಿಂದ ಶುಭದಾಳನ್ನು ಬಂಜೆ ಎಂದದ್ದು ತಪ್ಪು, ಆಕೆಯ ಕ್ಷಮೆ ಕೇಳು ಎಂದು ಬರೆದಿದ್ದೀ. ಪ್ರತಿ ಶುಕ್ರವಾರ ಉಪವಾಸವಿದ್ದು ಬನಶಂಕರಿಗೆ ಪ್ರದಕ್ಷಿಣೆ ಹಾಕಲು ಹಚ್ಚಿದವಳು ನಾನೇ, ಇಲ್ಲವೆನ್ನುವುದಿಲ್ಲ. ಆಕೆಗೆ ಎಲ್ಲ ಗೊತ್ತಿದ್ದೂ ಬಾಯಿ ಬಿಡದೆ ಸುತ್ತಿದಳು, ನಿನ್ನ ಮಾನ ಉಳಿಯಿತು. ಇನ್ನಷ್ಟು ವರ್ಷ ಸುತ್ತಿದ್ದರೆ ಆಕೆಯ ಕಾಲೇನು ಸವೆಯುತ್ತಿರಲಿಲ್ಲ. ಅದನ್ನು ಬಿಟ್ಟು ನಿನ್ನ ಕೈಹಿಡಿದು ದವಾಖಾನೆಗೆ ಕರೆದೊಯ್ದಳು. ಆಕೆ ಹೇಳಿದಳು, ನೀನು ಹೋದೆ.

ಅಪ್ಪನ ಹಾಗೆ ಸಾಯಲು ನನಗೆ ಮನಸ್ಸಿರಲಿಲ್ಲ ಎಂದೂ ಬರೆದಿದ್ದೀ. ಆ ಸಾಲನ್ನು ಓದಿ ಪತ್ರವನ್ನು ಕೆಳಗಿಟ್ಟೆ. ಅವರಿಗೂ ಇದೇ ಇತ್ತು. ವಯಸ್ಸಾದ ಮೇಲೆ ಆ ತೊಗಲಿನೊಳಗೇ ಗಂಟಾಗಿ ಕ್ಯಾನ್ಸರ್ ಎಂದು ತಿಳಿಯುವಷ್ಟರಲ್ಲಿ ಕೈಮೀರಿತ್ತು. ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದರು. ಕೋಣೆಯಲ್ಲಿ ಊದುಬತ್ತಿ ಹಚ್ಚಿದರೂ ವಾಸನೆ ಹೋಗುತ್ತಿರಲಿಲ್ಲ. ಬಂದವರಿಗೆಲ್ಲ ಕಿಡ್ನಿ ರೋಗ ಎಂದು ಹೇಳಿದೆವು, ನೀನೂ ಹಾಗೇ ಹೇಳಿದೆ. ನಿಮ್ಮ ಅಪ್ಪ ಪಂಢರೀನಾಥರಾಯರು ಮರ್ಯಾದೆಯಿಂದ ಹೋದರು.

ಬೇರೇನೂ ಬೇಡ, ಮುಂದಿನ ತಿಂಗಳು ಅಪ್ಪನ ವರ್ಷದ ಶ್ರಾದ್ಧಕ್ಕೆ ಕೂಡಲು ಬಿಡು ಎಂದು ಬೇಡಿಕೊಂಡಿದ್ದೀ. ಹಿರಿಯ ಮಗ ನೀನೇ, ಹಕ್ಕೂ ನಿನ್ನದೇ. ಆದರೆ ಕೊಯ್ಯಿಸಿಕೊಂಡ ಮೈಯಿಂದ ಪಿಂಡ ಇಡಲು ಬರುವುದಿಲ್ಲ ಎಂದು ಭಟ್ಟರು ಖಡಾಖಂಡಿತವಾಗಿ ಹೇಳಿದ್ದಾರೆ. ಶಾಸ್ತ್ರದ ಮುಂದೆ ನಾನು ಹೆಣ್ಣುಮಗಳು ಏನು ಮಾಡಲಿ? ಕೇದಾರ ಕೂಡುತ್ತಾನೆ. ಹೊಲಿಗೆ ಮಾಯುವವರೆಗೆ ಭಾರ ಎತ್ತಬೇಡ. ಬಿಸಿ ಅನ್ನಕ್ಕೆ ತುಪ್ಪ ಹಾಕಿಕೊಂಡು ಉಣ್ಣು.

ಇಂತಿ ನಿನ್ನ ಹೆತ್ತವಳು,
ರುಕ್ಮಿಣೀಬಾಯಿ

ತಾ.ಕ.: ಭಟ್ಟರಿಗೆ ನೀನಾಗಿ ಫೋನು ಹಚ್ಚಬೇಡ. "ರೋಗಕ್ಕಂತ ಮಾಡಿಸ್ಕೊಂಡದ್ದಕ್ಕ ದೋಷ ಎಲ್ಲೀದ್ರಿ ಬಾಯಾರ, ಹಿರೇಮಗನ್ನ ಕೂಡಸ್ರಿ" ಎಂದೇ ಅವರು ನನಗೆ ಹೇಳಿದ್ದು. ಬೇಡವೆಂದವಳು ನಾನು. ನೀನಿನ್ನೂ ಸಾಲಿಗೆ ಹೋಗುತ್ತಿದ್ದಾಗ, ಗಂಟು ಗಿಂಟು ಏನೂ ಇಲ್ಲದಾಗ, ನಿಮ್ಮ ಅಪ್ಪನಿಗೂ ಬಾಗಲಕೋಟೆಯ ಡಾಕ್ಟರೊಬ್ಬರು ಇದನ್ನೇ ಮಾಡಿಸಿಕೊಳ್ಳಿ ಎಂದಿದ್ದರು. ಬಸ್ಸಿಳಿದು ಬಂದವರು ಕಾಲು ಕೂಡ ತೊಳೆಯದೆ, "ಏನ ಮಾಡ್ಲಿ ಹೇಳು" ಎಂದು ನನ್ನನ್ನು ಕೇಳಿದರು. ಜನ ಏನಂದಾರು, ಬೇಡ ಎಂದೆ. ಆಮೇಲೆ ಅವರು ಆ ಮಾತು ಎತ್ತಲಿಲ್ಲ. ನೀನು ನೆಟ್ಟಗಾಗಿ ಬಂದು ಅವರ ಪಿಂಡದ ಮುಂದೆ ಕೂತರೆ ನನ್ನಿಂದ ನೋಡಲಾಗುವುದಿಲ್ಲ. ಬರಬೇಡ.