ಅನು ಕೇಳಿದ್ದು ಸನ್ಮಾನವಲ್ಲ

ನಮ್ಮ ಕನ್ನಡ ಕೂಟದ ಪರಿಹಾರ ಮಂಡಳಿಯ ಅಧ್ಯಕ್ಷರಿಗೆ, ಕೂಟದ ಎಲ್ಲ ಸದಸ್ಯರ ಎದುರಿನಲ್ಲಿ

ಮಾನ್ಯರೇ,

ಈಗ ಸಂಜೆ ಏಳು ಗಂಟೆ. ಬೆಳಗ್ಗೆ ಬಟ್ಟೆ ಒಗೆದೆ, ಮಧ್ಯಾಹ್ನ ಮಂಡಳಿಯ ಸಭೆಗೆ ಬಂದೆ, ಮನೆಗೆ ಮರಳಿ ಸಾರು ಬಿಸಿ ಮಾಡಿದೆ. ನನ್ನ ದಿನಚರಿ ಸಾಮಾನ್ಯವಾಗಿ ಇಷ್ಟರಲ್ಲೇ ಮುಗಿಯುತ್ತದೆ. ಇವತ್ತು ಮುಗಿಯಲಿಲ್ಲ. ಚಿಕ್ಕಂದಿನಲ್ಲಿ ನಮ್ಮ ಕೂಟದ ಭಾನುವಾರದ ಶಾಲೆಯಲ್ಲಿ ಹಿಂಸೆ ಅನುಭವಿಸಿದ ಹೆಣ್ಣುಮಗಳು ಅನುವಿಗೆ ನ್ಯಾಯ ಹೇಳಿ ಎಂದು ನಮ್ಮನ್ನು ಕೂರಿಸಿದರೆ, ನೀವು ನಾಳೆ ಅವಳಿಗೆ ಶಾಲು ಹೊದಿಸಲು ಹೊರಟಿದ್ದೀರಿ. ನನ್ನ ದೂರು ಇದೇ.

ನಾನು ಈ ಮಂಡಳಿಗೆ ಬಂದದ್ದು ಯೋಗ್ಯತೆಯಿಂದಲ್ಲ. ಆ ಕುರ್ಚಿ ನನ್ನ ಯಜಮಾನರು ಬೋರಲಿಂಗಯ್ಯನವರದ್ದಾಗಿತ್ತು. ಕಳೆದ ಚಳಿಗಾಲದಲ್ಲಿ ಅವರು ತೀರಿಕೊಂಡರು, ಕುರ್ಚಿ ನನಗೆ ಬಂತು. ನಾವು ಬಿಟ್ಟುಬಂದ ಊರಲ್ಲಿ ಸರ್ಕಾರಿ ನೌಕರ ಸತ್ತರೆ ಹೆಂಡತಿಗೆ ಅನುಕಂಪದ ಆಧಾರದ ಮೇಲೆ ಕೆಲಸ ಕೊಡುತ್ತಾರಲ್ಲ, ಹಾಗೆ. "ಕೃಷ್ಣಮ್ಮನೋರೇ, ನೀವು ಸುಮ್ನೆ ಕೂತಿದ್ರೆ ಸಾಕು" ಎಂದಿರಿ. ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಸುಮ್ಮನೆ ಕೂರುವುದು ಚೆನ್ನಾಗಿ ಬರುತ್ತದೆ. ಆದರೆ ಸುಮ್ಮನೆ ಕೂತವರಿಗೆ ಎಲ್ಲವೂ ಕೇಳಿಸುತ್ತದೆ.

ಅನು ಮೊದಲ ಸಲ ನಮ್ಮ ಮುಂದೆ ಬಂದ ದಿನ ನೆನಪಿದೆಯೇ? ನೀವು, ನಾನು, ತಿಂಡಿ ಸಮಿತಿಯಿಂದ ಬಡ್ತಿ ಪಡೆದು ಬಂದ ಪದ್ಮಜಾ, ಮೂವರೂ ಮೇಜಿನ ಈಚೆ. ಅವಳೊಬ್ಬಳು ಆಚೆ. ಪ್ರಾರ್ಥನೆಯಾಯಿತು, ಸ್ವಾಗತ ಭಾಷಣವಾಯಿತು, ಅವಳಿಗೊಂದು ಹೂಗುಚ್ಛವೂ ಸಿಕ್ಕಿತು. ಆಮೇಲೆ ಪಾಪ, ಅವಳು ಶುರುಮಾಡಿದಳು: "ದೇರ್ ವಾಸ್ ಎ ಸ್ಟೋರ್ ರೂಮ್ ಬಿಹೈಂಡ್ ದ ಸ್ಟೇಜ್..."

ನೀವು ಕೈ ಎತ್ತಿದಿರಿ. "ಕನ್ನಡದಲ್ಲೇ ಹೇಳಮ್ಮಾ. ಟ್ರೈ ಮಾಡು, ಬರುತ್ತೆ."

ಅನು ನಿಮ್ಮನ್ನೇ ನೋಡಿದಳು. ಆಮೇಲೆ ನಕ್ಕಳು. "ಅಂಕಲ್, ದಟ್ಸ್ ಎಕ್ಸಾಕ್ಟ್‌ಲಿ ವಾಟ್ ಹೀ ಯೂಸ್ಡ್ ಟು ಸೇ. ಅದಾದ್ಮೇಲೆ ಡೋರ್ ಲಾಕ್ ಮಾಡ್ತಿದ್ರು."

ಪದ್ಮಜಾ ವಡೆಯ ತಟ್ಟೆಯನ್ನು ಅವಳ ಕಡೆ ತಳ್ಳಿ, "ತಗೋಮ್ಮ, ಬಿಸಿ ಇದೆ" ಎಂದರು.

ಇಂಗ್ಲಿಷಿನಲ್ಲಿ ಉತ್ತರ ಕೊಟ್ಟ ಮಕ್ಕಳನ್ನು ಆ ಭಾನುವಾರದ ಶಾಲೆಯ ಕನ್ನಡ ಮೇಷ್ಟ್ರು ಬೆಲ್ಟಿನಿಂದ ಹೊಡೆದು, ವೇದಿಕೆಯ ಹಿಂದಿನ ಕತ್ತಲೆ ಕೋಣೆಯಲ್ಲಿ ಕೂಡಿಹಾಕುತ್ತಿದ್ದರು. ಅನು ಅವರಲ್ಲಿ ಎಲ್ಲರಿಗಿಂತ ಚಿಕ್ಕವಳು. ಮನೆಗೆ ಹೋಗಿ ಅಮ್ಮನಿಗೆ ಹೇಳಿದಳು. ಅಮ್ಮ ಅಂದಿನ ಕಾರ್ಯಕಾರಿ ಸಮಿತಿಯನ್ನು ಕೇಳಿದರು. ಸಮಿತಿಗೆ ಎಲ್ಲ ಗೊತ್ತಿತ್ತು. ಆದರೂ "ಮೇಷ್ಟ್ರು ದೇವರಂಥೋರು, ನಿಮ್ಮ ಮಗು ಸುಳ್ಳು ಹೇಳುತ್ತೆ" ಎಂದಿತು. ಅಮ್ಮ ಸಮಿತಿಯನ್ನು ನಂಬಿದರು. ಇಂದಿಗೂ ನಂಬಿದ್ದಾರೆ. ಅದಕ್ಕೇ ಅನು ನಮ್ಮಿಂದ ಬೇರೇನೂ ಕೇಳಲಿಲ್ಲ. ಅದೇ ಸಭಾಂಗಣದಲ್ಲಿ, ಅಮ್ಮ ಎದುರಿಗೆ ಕೂತಿರುವಾಗ, ಕೂಟದ ಬಾಯಿಂದ ಮೂರು ಮಾತು: ಇದು ನಡೆದದ್ದು ನಿಜ. ದೊಡ್ಡವರಿಗೆ ಗೊತ್ತಿತ್ತು. ಮಗು ಸುಳ್ಳು ಹೇಳಿರಲಿಲ್ಲ.

ನಾವು ಮೂವರೂ ಅವಳನ್ನು ನಂಬಿದೆವು, ಹಾಗೆಂದು ಬರೆದ ತೀರ್ಪಿಗೆ ನೀವೂ ಸಹಿ ಹಾಕಿದಿರಿ. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ನಮ್ಮ ಜನಕ್ಕೆ ವೇದಿಕೆಯ ಮೇಲೆ ಒಬ್ಬರನ್ನು ಕರೆದು, ಶಾಲು ಹೊದಿಸದೆ ಕಳಿಸುವ ಅಭ್ಯಾಸವೇ ಇಲ್ಲವಲ್ಲ! ಇವತ್ತಿನ ಸಭೆಯಲ್ಲಿ ಬಹುಪಾಲು ಹೊತ್ತು ಚರ್ಚೆಯಾದದ್ದು ಏನು? ಹೆಂಗಸಿಗೆ ಮೈಸೂರು ಪೇಟ ತೊಡಿಸಬಹುದೇ ಎಂದು. ಪದ್ಮಜಾ ಬೇಡವೆಂದರು, ಹಣ್ಣಿನ ಬುಟ್ಟಿ ಸಾಕಂತೆ. "ಪೇಟ ಹಾಕಿದ್ರೆ ಫೋಟೋಗೆ ಒಂದು ಕಳೆ ಬರುತ್ತೆ ಕಣ್ರೀ" ಎಂದಿರಿ. ನೀವು ಮಾಡಿಸಿದ ಆಹ್ವಾನದಲ್ಲಿ ಅನುವಿನ ಚಿತ್ರದ ಕೆಳಗೆ "ಸಾಧಕಿ" ಎಂದಿದೆ. ಅವಳು ಸಾಧಿಸಿದ್ದಾದರೂ ಏನು ಸ್ವಾಮಿ? ಆ ಕೋಣೆಯಿಂದ ಹೊರಗೆ ಬಂದದ್ದೇ?

ಇನ್ನು ಆ ಮೂರು ಮಾತು. ನಿಮ್ಮ ಕೈಗೆ ಸಿಕ್ಕಿ ಅವು ಹೀಗಾಗಿವೆ: "ಹಿಂದಿನ ಕೆಲವು ಸಂದರ್ಭಗಳಲ್ಲಿ ಯಾರಿಗಾದರೂ ಅನಾನುಕೂಲ ಉಂಟಾಗಿದ್ದಲ್ಲಿ ಕೂಟವು ವಿಷಾದಿಸುತ್ತದೆ." ಪೆನ್ ಸ್ಟೇಷನ್ನಿನಲ್ಲಿ ರೈಲು ತಡವಾದಾಗ ಹೀಗೆ ಕೂಗುತ್ತಾರೆ. ಅದನ್ನು ಕೇಳಿದ ಅಮ್ಮ ಮಗಳ ಕಡೆ ತಿರುಗಿ ಏನೆಂದುಕೊಳ್ಳಬೇಕು?

ನಾನು ಬಾಯಿ ತೆರೆದೆ. "ನಡೆದಿದ್ದು ನಡೆದ ಹಾಗೇ ಹೇಳೋಣ" ಎಂದೆ. "ಮೇಷ್ಟ್ರೂ ಈಗಿಲ್ಲ, ತೀರಿಹೋದವರ ವಿಷಯ ಈಗ್ಯಾಕಮ್ಮಾ ಕೆದಕೋದು" ಎಂದು ನೀವು. ತೀರಿಹೋದವರು ನಮ್ಮ ಮನೆಯಲ್ಲೂ ಇದ್ದಾರೆ. ನಮ್ಮ ಯಜಮಾನರ ಗೊರಕೆಗೆ ನಾವಿರುವ ಪಿಸ್ಕಾಟವೇಯಲ್ಲಿ ಪಕ್ಕದ ಮನೆಯ ನಾಯಿ ಬೊಗಳುತ್ತಿತ್ತು ಎಂದು ಸಿಕ್ಕವರಿಗೆಲ್ಲ ಹೇಳುತ್ತೇನೆ. ಅವರು ಇದುವರೆಗೆ ಬೇಸರ ಮಾಡಿಕೊಂಡಿಲ್ಲ.

ಅವರು ಹೋದ ದಿನ ಆಸ್ಪತ್ರೆಯಲ್ಲಿ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರಮ್ಮ ನನ್ನ ಎದುರಿಗೆ ಕುರ್ಚಿ ಎಳೆದುಕೊಂಡು ಕೂತರು. "ಹೀ ಡೈಡ್. ಐ ಆಮ್ ಸೋ ಸಾರಿ" ಎಂದರು. ಅಷ್ಟು ಇಂಗ್ಲಿಷ್ ನನಗೆ ಬರುತ್ತದೆ. ಎದೆ ಒಡೆಯಿತು, ಆದರೆ ಕಾಲ ಕೆಳಗೆ ನೆಲ ಸಿಕ್ಕಿತು. ಮರುದಿನ ನೀವು ಕೂಟದ ನಿಯೋಗದೊಂದಿಗೆ ಬಂದಿರಿ. "ಶಿವೈಕ್ಯರಾದರು", "ಅಗಲಿದರು", "ತುಂಬಲಾರದ ನಷ್ಟ" ಎಂದಿರಿ. ಮೌನಾಚರಣೆಯ ನಡುವೆ ಕೇಟರಿಂಗಿನವನ ಫೋನು ಬಂತು. ಹೊರಗೆ ಹೋಗಿ ಮಾತಾಡಿ ಬಂದು, ಮತ್ತೆ ಮೌನದಲ್ಲಿ ಸೇರಿಕೊಂಡಿರಿ. ನಿಮ್ಮ ಮೇಲೆ ಸಿಟ್ಟಿಲ್ಲ. ಆದರೆ ಅಂದು ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಡಾಕ್ಟರ್ ಹುಡುಗಿಯ ಎರಡು ಪದವೇ ಹೊರತು ನಿಮ್ಮ ಭಾಷಣವಲ್ಲ.

ಆದ್ದರಿಂದ ಕೇಳುತ್ತೇನೆ. ಶಾಲು, ಪೇಟ, ಬುಟ್ಟಿ ಎಲ್ಲ ರದ್ದಾಗಲಿ. ಫೋಟೋ ಬೇಡ. ನೀವು ಎದ್ದು ನಿಂತು, ಅನುವಿನ ಅಮ್ಮನನ್ನು ನೋಡುತ್ತ, ಆ ಮೂರು ಮಾತನ್ನು ಇದ್ದ ಹಾಗೇ ಹೇಳಬೇಕು. ಅನು ಯಾವ ಭಾಷೆಯಲ್ಲಿ ಉತ್ತರ ಕೊಟ್ಟರೂ ಕೇಳಿಸಿಕೊಳ್ಳಬೇಕು. ನಿಮ್ಮಿಂದ ಆಗದಿದ್ದರೆ ತೊಂದರೆಯಿಲ್ಲ. ಕಾರ್ಯಕ್ರಮದ ಕೊನೆಯ ವಂದನಾರ್ಪಣೆಯನ್ನು ನನ್ನ ಪಾಲಿಗೆ ಹಾಕಿದ್ದೀರಿ. ಮೈಕು ನನ್ನ ಕೈಗೆ ಬರುತ್ತದೆ. ನಾನು ಯಾರನ್ನೂ ವಂದಿಸುವುದಿಲ್ಲ.

ಇಂತಿ,
ಇನ್ನು ಯಾವ ಸಮಿತಿಗೂ ಯಾರೂ ಕರೆಯಲಾರದ
ಕೃಷ್ಣಮ್ಮ, ಪಿಸ್ಕಾಟವೇ

ಈಗಷ್ಟೇ ಅನುವಿನ ಫೋನ್ ಬಂತು. ನಾಳೆಯ ಕಾರ್ಯಕ್ರಮಕ್ಕೆ ಅವಳು ಜೆರಿಕೋದ ಮನೆಯಿಂದ ಅಮ್ಮನನ್ನು ಕರೆದುಕೊಂಡು ಬರುತ್ತಾಳೆ.