ಅಜ್ಜನ ಹನ್ನೊಂದು ದಿನ

ಬೆಟಗೇರಿ,
ಫೆಬ್ರವರಿ ಮೂವತ್ತು, ಎರಡು ಸಾವಿರದ ನೂರ ಎಪ್ಪತ್ತೊಂದು

ನನಗಿಂತ ಒಂದೂವರೆ ಶತಮಾನ ಹಿಂದೆ ಬದುಕುತ್ತಿರುವವರೇ,

ನಿಮ್ಮ ಕ್ಯಾಲೆಂಡರಿನಲ್ಲಿ ಇಂಥ ದಿನವೊಂದಿಲ್ಲ ಎಂದು ಬಲ್ಲೆ. ನಮ್ಮ ಕಾಲದವರು ತಿಂಗಳುಗಳನ್ನು ಸರಿಸಮ ಮಾಡಲು ಹೋಗಿ ಫೆಬ್ರವರಿಗೆ ಮೂವತ್ತು ದಿನ ಕೊಟ್ಟರು. ಈ ಕಾಗದ ನಿಮ್ಮ ಕೈಗೆ ಹೇಗೆ ಬಂತೆಂದು ವಿವರಿಸುವ ವಿದ್ಯೆ ನನಗಿಲ್ಲ. ನಾನು ಮಗ್ಗ ರಿಪೇರಿ ಮಾಡುವವಳು. ನನ್ನ ಮಾತುಗಳಲ್ಲಿ ಕೆಲವು ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಬೇಕು. ಹೆದರಿಕೆಯಲ್ಲಿ ಬರೆಯುತ್ತಿದ್ದೇನೆ, ತಿದ್ದಲು ಪುರುಸೊತ್ತಿಲ್ಲ.

ನನ್ನ ಹೆಸರು ಫಕೀರವ್ವ, ವಯಸ್ಸು ಅರವತ್ತನಾಲ್ಕು. ನಮ್ಮ ಜಗತ್ತಿನಲ್ಲಿ ಯಾರಿಗೂ ವೀಸಾ ಬೇಡ. ಇದನ್ನು ನಾವು ಬಹಳ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಬೇಕಾದದ್ದು ಮುನ್ನೊಪ್ಪಿಗೆ ಮಾತ್ರ. ಅದು ನಿಮ್ಮ ಕಾಲದಲ್ಲೇ ಶುರುವಾಯಿತೆಂದು ಹಿರಿಯರು ಹೇಳುತ್ತಿದ್ದರು: ವೀಸಾ ಬೇಡದ ಪ್ರವಾಸಿಯೂ ಹೊರಡುವ ಮುಂಚೆ ಫೋನಿನಲ್ಲಿ ಒಂದು ಅರ್ಜಿ ತುಂಬಬೇಕು, ಪಾಸ್‌ಪೋರ್ಟಿನ ಪುಟ ತೋರಿಸಬೇಕು, ಹತ್ತಾರು ಪ್ರಶ್ನೆಗಳಿಗೆ ಹೌದು ಅಥವಾ ಇಲ್ಲ ಎನ್ನಬೇಕು. ನಮ್ಮಲ್ಲಿ ಹೆಂಗಸರು ಚಹಾ ಕುದಿಯುವಷ್ಟರಲ್ಲಿ ಅದನ್ನು ತುಂಬಿ ಮುಗಿಸುತ್ತಾರೆ. ಸಂತೆಯಲ್ಲಿ ಬದನೆಕಾಯಿ ಆರಿಸುತ್ತಲೇ ತುಂಬುವವರಿದ್ದಾರೆ. ಕುಂಟೋಬಿಲ್ಲೆ ಆಡುವ ಮಕ್ಕಳು ಆ ಪ್ರಶ್ನೆಗಳನ್ನೇ ಲೆಕ್ಕದ ಹಾಡು ಮಾಡಿಕೊಂಡಿದ್ದಾರೆ: ಜೈಲಿಗೆ ಹೋಗಿದ್ದೀಯಾ, ಇಲ್ಲ, ರೋಗ ತಂದಿದ್ದೀಯಾ, ಇಲ್ಲ, ಹೇಳಿದ ದಿನಕ್ಕಿಂತ ಹೆಚ್ಚು ತಂಗಿದ್ದೀಯಾ, ಇಲ್ಲ, ಇಲ್ಲ, ಇಲ್ಲ. ಸಾಮಾನ್ಯವಾಗಿ ಮೂರು ಉಸಿರಿನಷ್ಟು ಹೊತ್ತಿನಲ್ಲಿ ಹಸಿರು ಗುರುತು ಬರುತ್ತದೆ. ಅದು ಬರುವವರೆಗೆ ವಿಮಾನದ ಬಾಗಿಲು ತೆರೆಯುವುದಿಲ್ಲ. ಬಂದ ಮೇಲೆ ಯಾರೂ ಅದರ ಬಗ್ಗೆ ಯೋಚಿಸುವುದಿಲ್ಲ. ನಾನೂ ಯೋಚಿಸಿದವಳಲ್ಲ.

ಮೂವತ್ತೆರಡು ವರ್ಷಗಳ ಹಿಂದೆ ನನ್ನ ತಂಗಿ ಶಂಕ್ರವ್ವ ಉತ್ತರದ ಒಂದು ಚಳಿದೇಶದಲ್ಲಿ, ಬೀಜಗಳನ್ನು ಹಿಮದಲ್ಲಿ ಕಾಪಿಡುವ ಉಗ್ರಾಣದಲ್ಲಿ ಕೆಲಸಕ್ಕಿದ್ದಳು. ಅವಳ ರಕ್ತ ಕೆಟ್ಟಿತು. ಮೂಳೆಯೊಳಗಿನ ಮಜ್ಜೆಯನ್ನು ಔಷಧಿಯಿಂದ ಪೂರ್ತಿ ಸಾಯಿಸಿ, ಒಡಹುಟ್ಟಿದವರ ಮಜ್ಜೆ ಹಾಕಬೇಕೆಂದು ವೈದ್ಯರು ಹೇಳಿದರು. ನನ್ನದು ಹೊಂದಲಿಲ್ಲ, ತಮ್ಮ ಅಂದಾನೆಪ್ಪನದು ಹೊಂದಿತು. ಆ ದೇಶದ ಕಾನೂನಿನ ಪ್ರಕಾರ ಮನುಷ್ಯನ ಅಂಗಾಂಶ ಮಾತ್ರ ಗಡಿ ದಾಟುವಂತಿರಲಿಲ್ಲ, ಮನುಷ್ಯ ದಾಟಬಹುದಿತ್ತು. ಹಾಗಾಗಿ ಅಂದಾನೆಪ್ಪನೇ ಹೋಗಬೇಕಾಯಿತು. ಅವನು ಚಿತ್ರಕಲೆಯ ಮಾಸ್ತರ, ಸೂಜಿ ಕಂಡರೆ ಬೆವರುವವನು. ಧೈರ್ಯಕ್ಕೆಂದು ನಾನೂ ಜೊತೆಗೆ ಹೊರಟೆ. ಆರು ವರ್ಷದ ಮಗಳು ಮಲ್ಲವ್ವನನ್ನು ಗಂಡನ ಬಳಿ ಬಿಟ್ಟೆ. ಇಬ್ಬರಿಗೂ ಹಸಿರು ಗುರುತು ಬಂತು. ಅದನ್ನು ಆಸ್ಪತ್ರೆಗೆ ಕಳಿಸಿದ ದಿನವೇ ಅವರು ಶಂಕ್ರವ್ವನ ಮಜ್ಜೆಯನ್ನು ಸಾಯಿಸುವ ಔಷಧಿ ಶುರುಮಾಡಿದರು. ಇನ್ನು ಹಿಂದಕ್ಕೆ ಹೋಗುವ ದಾರಿ ಇರಲಿಲ್ಲ.

ವಿಮಾನ ಬದಲಿಸಲು ಮರಳುನಾಡೊಂದರಲ್ಲಿ ಇಳಿದೆವು. ಎರಡನೆಯ ವಿಮಾನದ ಬಾಗಿಲಲ್ಲಿ ನನ್ನನ್ನು ಒಳಗೆ ಬಿಟ್ಟ ತಪಾಸಣೆಯ ದೀಪಕಂಬ ಅಂದಾನೆಪ್ಪನ ಮುಂದೆ ಹಳದಿಯಾಯಿತು. ನಾವು ಆಕಾಶದಲ್ಲಿದ್ದಾಗ ಅವನ ಮುನ್ನೊಪ್ಪಿಗೆಯನ್ನು ಹಿಂತೆಗೆದು ಮರುನೋಟಕ್ಕೆ ಇಟ್ಟಿದ್ದರು. ನಾನು ಹೊರಗೆ ಓಡಿಬಂದೆ. ನಮ್ಮನ್ನು ತೂಗುಮನೆಗೆ ಕಳಿಸಿದರು. ಬಾ ಎಂದೂ ಹೋಗು ಎಂದೂ ಉತ್ತರ ಸಿಗದವರನ್ನು ಕೂರಿಸುವ ಸಭಾಂಗಣಕ್ಕೆ ಆ ಹೆಸರು. ಕಾವಲಿರಲಿಲ್ಲ, ಬೀಗವಿರಲಿಲ್ಲ, ಮೆತ್ತನೆಯ ಕುರ್ಚಿಗಳಿದ್ದವು, ಬಿಸಿ ಊಟ ಬರುತ್ತಿತ್ತು. ಅಲ್ಲಿದ್ದ ಯಾರೂ ಯಾರೊಡನೆಯೂ ಮಾತಾಡುತ್ತಿರಲಿಲ್ಲ. ಆಡಿದ ಮಾತು ಅರ್ಜಿಗೆ ಸೇರುತ್ತದೆಂಬ ಭಯ. ಒಬ್ಬಳು ಮುದುಕಿ ತನ್ನ ಹೆಸರನ್ನು ತಾನೇ ಮತ್ತೆ ಮತ್ತೆ ಹೇಳಿಕೊಳ್ಳುತ್ತಿದ್ದಳು, ತಪ್ಪದಿರಲೆಂದು.

ಎರಡನೆಯ ದಿನ ಶಂಕ್ರವ್ವನ ಕರೆ ಬಂತು. ಔಷಧಿಗೆ ಬಾಯೆಲ್ಲ ಹುಣ್ಣಾಗಿ ಅವಳ ಮಾತು ತೊದಲುತ್ತಿತ್ತು.

“ಯಕ್ಕಾ, ಎಲ್ಲಿ ಅದೀರಿ?”

“ವಿಮಾನ ತಡ ಆಗೇತಿ ತಂಗಿ, ಅಷ್ಟ. ಬರತೀವಿ.”

“ಬಿಳಿ ಕಣ ಸೊನ್ನಿಗೆ ಬಂದಾವಂತ. ಡಾಕ್ಟರು ದಿನಾ ನಿಮ್ಮನ್ನ ಕೇಳತಾರ.”

ಅಂದಾನೆಪ್ಪ ಎದ್ದು ಗೋಡೆಯ ಕಡೆ ತಿರುಗಿ ನಿಂತ. ಕರೆ ಮುಗಿದ ಮೇಲೆ ಕೇಳಿದ: “ಅಕ್ಕಾ, ನಾ ಏನ್ ತಪ್ಪು ತುಂಬೀನಿ? ಎಲ್ಲಾದಕ್ಕೂ ಇಲ್ಲ ಅಂದೀನಲ್ಲ, ಖರೇನ ಹೇಳೀನಲ್ಲ?”

ಗೋಡೆಯ ಪರದೆ ‘ನಿಮ್ಮ ಅರ್ಜಿ ಪರಿಶೀಲನೆಯಲ್ಲಿದೆ’ ಎನ್ನುತ್ತಿತ್ತು. ಮೂರನೆಯ ದಿನ ನೆಲ ಒರೆಸಲು ಬಂದ ಹೆಂಗಸು ನನ್ನ ಕಾಲ ಬಳಿ ಬಗ್ಗಿ, ಕಿವಿಗೆ ಸಿಕ್ಕಿಸಿದ್ದ ಅನುವಾದಕ ಯಂತ್ರಕ್ಕೂ ಸರಿಯಾಗಿ ಕೇಳದಷ್ಟು ಮೆಲ್ಲಗೆ, ಮನುಷ್ಯ ಅಧಿಕಾರಿಯನ್ನು ಕೇಳು ಎಂದಳು. ಕೇಳಿದರೆ ಕೊಡಲೇಬೇಕೆಂದು ಹಳೆಯ ಕಾನೂನಿದೆಯಂತೆ. ನಾನು ಪರದೆಯ ಮುಂದೆ ನಿಂತು ಕೂಗಿದೆ. ಆ ದಿನ ಯಾರೂ ಬರಲಿಲ್ಲ. ಮರುದಿನವೂ ಕೂಗಿದೆ. ಐದನೆಯ ದಿನ ಬೆಳಿಗ್ಗೆ ನಮ್ಮನ್ನು ಒಂದು ಕೋಣೆಗೆ ಕರೆದರು.

ಅಲ್ಲಿ ಕೂತಿದ್ದ ಚಳಿದೇಶದ ಅಧಿಕಾರಿ ಹರೆಯದವಳು, ಉಗುರು ಕಚ್ಚಿಕೊಂಡು ಕೆಂಪಾಗಿದ್ದ ಬೆರಳುಗಳು. ಅವಳ ಮಾತನ್ನು ಅನುವಾದಕ ಪುಸ್ತಕದ ಕನ್ನಡದಲ್ಲಿ ನಮ್ಮ ಕಿವಿಗೆ ಹಾಕುತ್ತಿತ್ತು.

“ಅಂದಾನೆಪ್ಪ ಎಂಬವರು ಎಪ್ಪತ್ತು ವರ್ಷಗಳ ಹಿಂದೆ ನಮ್ಮಲ್ಲಿ ಅನುಮತಿ ಮೀರಿ ಹನ್ನೊಂದು ದಿನ ತಂಗಿದ್ದರು,” ಎಂದಳು.

“ನಂಗ ಈಗ ಇಪ್ಪತ್ತೆಂಟು ವರ್ಷರೀ!” ಎಂದ ಅಂದಾನೆಪ್ಪ.

ನನಗೆ ಒಮ್ಮೆಲೇ ತಿಳಿಯಿತು. ಅದು ನಮ್ಮ ಅಜ್ಜ. ನಮ್ಮಲ್ಲಿ ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವುದು ರೂಢಿ. ಅಜ್ಜ ಹಾರ್ಮೋನಿಯಂ ರಿಪೇರಿಯವನು, ಸಂಗೀತಗಾರರ ಜೊತೆ ಆ ಚಳಿದೇಶಕ್ಕೆ ಹೋಗಿ, ಜ್ವರ ಬಂದು ಆಸ್ಪತ್ರೆಯಲ್ಲಿ ಮಲಗಿದ್ದ. ಅಲ್ಲಿಯ ನರ್ಸಿಗೆ ಗಂಜಿ ಎನ್ನುವುದನ್ನು ಕಲಿಸಿದೆನೆಂದು ಹೇಳಿ ನಗುತ್ತಿದ್ದ. ಆ ಹನ್ನೊಂದು ದಿನಗಳ ಬಗ್ಗೆ ನಮ್ಮ ಮನೆಯಲ್ಲಿ ಉಳಿದಿದ್ದುದು ಆ ನಗೆಯೊಂದೇ.

“ಅಂವ ನಮ್ಮ ಅಜ್ಜ. ಸತ್ತು ಹದಿನೈದು ವರ್ಷ ಆತು. ಜ್ವರ ಬಂದಿತ್ತು ಅಂವಗ,” ಎಂದೆ.

“ನಂಬುತ್ತೇನೆ,” ಎಂದಳು ಅವಳು. “ಆದರೆ ದಾಖಲೆ ಅಳಿಸುವ ಅಧಿಕಾರ ಯಾರಿಗೂ ಇಲ್ಲ. ಈ ತಪ್ಪಿನ ಗುರುತು ವಂಶದ್ದು. ವಂಶದಲ್ಲಿ ಯಾರಾದರೊಬ್ಬರು ಅದನ್ನು ಹೊರಬೇಕು. ಹೊರೆಬದಲು ಒಂದೇ ದಾರಿ.”

ಹೊರೆಬದಲು ಎಂದರೆ ಆ ಗುರುತನ್ನು ತಮ್ಮನ ಹೆಸರಿನಿಂದ ನನ್ನ ಹೆಸರಿಗೆ ದಾಟಿಸುವುದು. ಅವನು ಅಂದೇ ಹೋಗಬಹುದು. ನಾನು ಅಲ್ಲಿಂದಲೇ ವಾಪಸು, ಮುಂದೆ ಯಾವ ದೇಶಕ್ಕೂ ಕಾಲಿಡುವಂತಿಲ್ಲ. ನಾನು ಹೂಂ ಎಂದೆ. ಅವಳು ಪರದೆಯನ್ನು ನನ್ನ ಕಡೆ ತಿರುಗಿಸಿ, ಕೊನೆಯ ಸಾಲಿನ ಮೇಲೆ ಬೆರಳಿಟ್ಟಳು.

“ಇದನ್ನು ಓದಿ. ದಯವಿಟ್ಟು ಓದಿ ಒತ್ತಿ.”

ಈ ಹೊರೆ ಹುಟ್ಟಿದ ಮತ್ತು ಹುಟ್ಟಲಿರುವ ಸಂತತಿಗೂ ಸೇರುತ್ತದೆ ಎಂದಿತ್ತು.

ಅಂದಾನೆಪ್ಪ ನನ್ನ ಮುಂಗೈ ಹಿಡಿದ. “ಬ್ಯಾಡ ಅಕ್ಕಾ. ಮಲ್ಲವ್ವ ಅದಾಳ. ನಿನ್ನ ಕೂಸಿನ ಹಣಿ ಮ್ಯಾಲೆ ಬರೀಬ್ಯಾಡ.”

“ಶಂಕ್ರಿ ಸಾಯಾಕತ್ಯಾಳೋ,” ಎಂದೆ. ಕೈ ಬಿಡಿಸಿಕೊಂಡು ಒತ್ತಿದೆ. ಓದಿಯೇ ಒತ್ತಿದೆ. ಗೊತ್ತಿಲ್ಲದೆ ಆಯಿತೆಂದು ಹೇಳಿಕೊಳ್ಳಲು ನನಗೆ ಬಾಯಿಲ್ಲ.

ಅವನು ಅಂದೇ ಹೊರಟ. ಆರನೆಯ ದಿನ ಅವನ ಮಜ್ಜೆ ಅವಳ ಮೈಗೆ ಸೇರಿತು. ತಡವಾದದ್ದಕ್ಕೆ ಶ್ವಾಸಕೋಶದಲ್ಲಿ ಸೋಂಕು ಕೂತು, ಒಂದು ಕಡೆಯದು ಹೋಯಿತು. ಆದರೂ ಶಂಕ್ರವ್ವ ಬದುಕಿದಳು. ಈಗಲೂ ಇದ್ದಾಳೆ. ಎರಡು ಸಲ ಊರಿಗೆ ಬಂದು, ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ನನ್ನನ್ನು ತಬ್ಬಿಕೊಂಡಿದ್ದಾಳೆ. ಅವಳನ್ನು ನೋಡಿದಾಗೆಲ್ಲ ನಾನು ಮಾಡಿದ್ದು ಸರಿ ಎನಿಸುತ್ತದೆ. ಅವಳು ವಾಪಸು ಹೊರಟ ಮೇಲೆ ಹಾಗೆನಿಸುವುದಿಲ್ಲ.

ಮಲ್ಲವ್ವನಿಗೆ ನಾನು ಹೇಳಲಿಲ್ಲ, ಅಂದಾನೆಪ್ಪನಿಂದಲೂ ಮಾತು ತೆಗೆದುಕೊಂಡೆ. ಅವಳು ಬಣ್ಣದ ಅಂಗಡಿ ಹಾಕಿದಳು, ನೂಲಿಗೆ ಬಣ್ಣ ಹಾಕುವುದರಲ್ಲೇ ಸುಖವಾಗಿದ್ದಾಳೆ, ಗಡಿ ದಾಟುವ ಆಸೆ ಅವಳಿಗೆ ಬರಲಿಲ್ಲ. ದೇವರು ನನ್ನನ್ನು ಉಳಿಸಿದ ಎಂದುಕೊಂಡಿದ್ದೆ. ಆದರೆ ಅವಳ ಮಗಳು ನೀಲಾಂಬಿಗೆ ಹತ್ತೊಂಬತ್ತು. ಖೋಖೋ ಆಟಗಾರ್ತಿ, ಓಡಿದರೆ ಗಾಳಿಯೇ ಹಿಂದೆ ಬೀಳಬೇಕು. ಅವಳ ತಂಡ ಪರದೇಶದ ಪಂದ್ಯಕ್ಕೆ ಆಯ್ಕೆಯಾಗಿದೆ. ಹನ್ನೆರಡು ಹುಡುಗಿಯರು. ಇವಳನ್ನು ಬಿಟ್ಟು ಹನ್ನೊಂದು ಜನರ ಅರ್ಜಿಗೆ ಆಗಲೇ ಹಸಿರು ಬಂದಿದೆ.

ನಿಮ್ಮನ್ನು ಬೇಡಿಕೊಳ್ಳುವುದು ಇಷ್ಟೇ. ನಿಮ್ಮ ಫೋನಿಗೆ ಆ ಪ್ರಶ್ನೆಗಳು ಇನ್ನೂ ಹೊಸದಾಗಿ ಬರುತ್ತಿವೆ. ಕೆಲವು ನಿಮಿಷದ ಕೆಲಸವೆಂದು ಒತ್ತಿ ಮುಂದೆ ಹೋಗುತ್ತೀರಿ. ನೀವು ಸುಳ್ಳು ಹೇಳಬೇಕಿಲ್ಲ, ಅಜ್ಜನೂ ಹೇಳಿರಲಿಲ್ಲ. ಕೇಳುವವರನ್ನು ತಿರುಗಿ ಕೇಳಿ: ನಮ್ಮ ಉತ್ತರ ನಿಮ್ಮ ಬಳಿ ಎಷ್ಟು ದಿನ ಇರುತ್ತದೆ, ಯಾರ ಹೆಸರಿಗೆ ಅಂಟುತ್ತದೆ, ತಪ್ಪಾದರೆ ಅಳಿಸುವ ಕೈ ಯಾರದು. ಈಗ ಕೇಳಿದರೆ ಉತ್ತರ ಕೊಡುವ ಮನುಷ್ಯರು ನಿಮ್ಮಲ್ಲಿ ಇನ್ನೂ ಇದ್ದಾರೆ. ನಮ್ಮಲ್ಲಿ ಯಾರೂ ಉಳಿದಿಲ್ಲ. ನನ್ನನ್ನು ಮಾತಾಡಿಸಿದ ಆ ಹುಡುಗಿಯಂಥವರನ್ನೂ ಆಮೇಲೆ ತೆಗೆದುಹಾಕಿದರಂತೆ.

ನೀಲಾಂಬಿ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದಾಳೆ. ಹೊಸ ಜೆರ್ಸಿಯನ್ನು ಈಗಲೇ ಹಾಕಿಕೊಂಡಿದ್ದಾಳೆ. ಹಾಡಿನಂತೆ ಇಲ್ಲ, ಇಲ್ಲ ಎನ್ನುತ್ತ ತುಂಬುತ್ತಿದ್ದಾಳೆ.

“ಅಜ್ಜೀ, ಎಲ್ಲಾ ಮುಗೀತು. ಒತ್ತಿಬಿಡ್ಲೇನು?”

ಬರೆಯುವುದನ್ನು ಇಲ್ಲಿಗೆ ಬಿಟ್ಟು ಎದ್ದು ಹೋಗಬೇಕು, ಅವಳ ಎದುರು ಕೂರಬೇಕು, ಇಷ್ಟು ವರ್ಷ ಹೇಳದ್ದನ್ನು ಹೇಳಬೇಕು. ಅವಳು ಮತ್ತೆ ಕೂಗುತ್ತಿದ್ದಾಳೆ.

ಫಕೀರವ್ವ